ಟೆಕ್ಸಸ್‌ನಲ್ಲಿ ಜಮೀನು ತಗೊಂಡವ್ರಿಗೆ: ಆಯಿಲ್ ಗ್ಯಾಸ್ ಲೀಸ್ ಪೇಪರ್ ಓದೋದು ಹೇಗೆ

ಡಲ್ಲಾಸ್, ಹ್ಯೂಸ್ಟನ್, ಸ್ಯಾನ್ ಆಂಟೋನಿಯೋ ಕಡೆ ಇರೋ ನಮ್ಮ ಕನ್ನಡದವ್ರಲ್ಲಿ ಊರಾಚೆ ಜಮೀನು ತಗೊಂಡಿರೋರು ಇದ್ದಾರೆ, ಒಬ್ಬೊಬ್ರೇ ತಗೊಂಡೋರು, ಮೂರ್ನಾಲ್ಕು ಫ್ಯಾಮಿಲಿ ಸೇರಿ ತಗೊಂಡೋರು. ಒಂದಿನ ಅವ್ರಿಗೆ ಒಂದು ಫೋನ್ ಬರುತ್ತೆ, ಇಲ್ಲಾಂದ್ರೆ ಪೋಸ್ಟಲ್ಲಿ ದಪ್ಪ ಕವರ್ ಬರುತ್ತೆ. ಮಾತಾಡೋದು ಲ್ಯಾಂಡ್‌ಮನ್, ಅಂದ್ರೆ ಆಯಿಲ್ ಕಂಪನಿ ಪರವಾಗಿ ಲೀಸ್ ಮಾಡಿಸೋ ಏಜೆಂಟ್. ನಿಮ್ಮ ಮಿನರಲ್ಸ್ (ನೆಲದ ಕೆಳಗಿನ ಆಯಿಲ್, ಗ್ಯಾಸ್) ಲೀಸ್‌ಗೆ ತಗೋತೀವಿ, ಸೈನ್ ಮಾಡಿದ್ದಕ್ಕೆ ಎಕರೆಗೆ ಇಷ್ಟು ಬೋನಸ್, ನೋಟರಿ ಮುಂದೆ ಸೈನ್ ಮಾಡಿ ವಾಪಸ್ ಕಳಿಸಿ, ಶುಕ್ರವಾರದೊಳಗೆ ಆದ್ರೆ ಒಳ್ಳೇದು ಅಂತಾರೆ. ನಂಗೂ ಹಂಗೇ ಬಂತು. 50 ಎಕರೆ ಜಮೀನು, ಅದರ ಕೆಳಗಿನ ಮಿನರಲ್‌ನಲ್ಲಿ ಅರ್ಧ ಪಾಲು ನಮ್ದು. ನಾನು ಬೋನಸ್ ಬರೆದಿರೋ ಸಾಲು ಮಾತ್ರ ಎರಡು ಸಲ ಓದಿ, ಉಳಿದ ಪುಟ ತಿರುವಿ ಹಾಕಿ, ಒಂದೇ ವೀಕೆಂಡಲ್ಲಿ ಸೈನ್ ಹಾಕಿ ಕಳಿಸ್ದೆ. ಮೂರು ವರ್ಷದ ಲೀಸ್ ಅನ್ಕೊಂಡಿದ್ದೆ, ಅದು ಇನ್ನೂ ಮುಗಿದಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ. ಕಂಪನಿಯವ್ರು ಪೇಪರಲ್ಲಿ ಇದ್ದಿದ್ದನ್ನೇ ಮಾಡಿದ್ರು, ನಾನು ಓದಿರಲಿಲ್ಲ ಅಷ್ಟೇ.

ಊರಲ್ಲಿ ಹೊಲ ಕೋರಿಗೆ ಕೊಡೋವಾಗ ನಮ್ಮ ಅಜ್ಜಂದಿರು ಎಷ್ಟು ಮಾತಾಡ್ತಿದ್ರು ನೆನಪು ಮಾಡ್ಕೊಳ್ಳಿ. ಬೀಜ ಗೊಬ್ಬರ ಯಾರದು, ರಾಶಿ ಖರ್ಚು ಯಾರದು, ಪಾಲು ಕಣದಲ್ಲೇ ಹಂಚೋದಾ ಇಲ್ಲ ಮಾರಿದ ಮೇಲಾ, ಎಷ್ಟು ವರ್ಷ. ಆಯಿಲ್ ಲೀಸ್ ಅಂದ್ರೆ ಹೆಚ್ಚೂಕಮ್ಮಿ ಅದೇ ಮಾತು, ಇಂಗ್ಲಿಷಲ್ಲಿ, ಸಣ್ಣಕ್ಷರದಲ್ಲಿ. ನಾನಿಲ್ಲಿ ಬರೀತಿರೋದು ಟೆಕ್ಸಸ್ ವಿಷಯ ಮಾತ್ರ, ಒಕ್ಲಹೋಮ, ಪೆನ್ಸಿಲ್ವೇನಿಯಾದಲ್ಲಿ ಕಾನೂನು ಬೇರೆ. ಸೈನ್ ಹಾಕೋಕೆ ಮುಂಚೆ ಆಯಿಲ್ ಅಂಡ್ ಗ್ಯಾಸ್ ಕೆಲಸಾನೇ ಮಾಡೋ ಲಾಯರ್ ಹತ್ರ ಹೋಗ್ಲೇಬೇಕು, ಆದ್ರೆ ಹೋಗೋವಾಗ ಏನು ಕೇಳ್ಬೇಕು ಅಂತ ಗೊತ್ತಿದ್ರೆ ಆ ಒಂದು ಗಂಟೆ ಫೀಸು ಸಾರ್ಥಕ ಆಗುತ್ತೆ.

ಮೊದಲು, ಮಿನರಲ್ ನಿಮ್ದೇನಾ ನೋಡಿ

ನಮ್ಮ ತಲೇಲಿ ಈ ಪ್ರಶ್ನೆನೇ ಬರಲ್ಲ, ಯಾಕಂದ್ರೆ ಕರ್ನಾಟಕದಲ್ಲಿ 1964ರ ಭೂ ಕಂದಾಯ ಕಾಯ್ದೆ 70ನೇ ಸೆಕ್ಷನ್ ಪ್ರಕಾರ ಗಣಿ, ಖನಿಜದ ಹಕ್ಕು ಸರ್ಕಾರದ್ದು, ಪಹಣಿ ನಮ್ಮ ಹೆಸರಲ್ಲಿದ್ರೂ ಕೆಳಗಿರೋದು ನಮ್ದಲ್ಲ ಅಂತ ಬಿಟ್ಟುಬಿಟ್ಟಿರ್ತೀವಿ. ಟೆಕ್ಸಸ್‌ನಲ್ಲಿ ಹಂಗಲ್ಲ, ನೆಲದ ಮೇಲ್ಭಾಗ ಒಂದು ಆಸ್ತಿ, ಕೆಳಗಿನ ಮಿನರಲ್ ಇನ್ನೊಂದು ಆಸ್ತಿ, ಎರಡನ್ನೂ ಬೇರೆಬೇರೆ ಮಾರಬಹುದು. ನಿಮಗೆ ಜಮೀನು ಮಾರಿದವ್ರ ತಾತ ಎಪ್ಪತ್ತು ಎಂಬತ್ತು ವರ್ಷದ ಹಿಂದೆ ಮಾರೋವಾಗ್ಲೇ ಮಿನರಲ್ ನಂಗಿರ್ಲಿ ಅಂತ ಇಟ್ಕೊಂಡಿರಬಹುದು, ಹಂಗಿದ್ರೆ ನಿಮಗೆ ಬಂದಿರೋದು ಬರೀ ಮಣ್ಣು. ಇನ್ನೂ ಒಂದು ವಿಷಯ, ಇಲ್ಲಿ ಕಾನೂನು ಮಿನರಲ್ ಓನರ್ ಪರವಾಗಿ ವಾಲಿದೆ, ಕೆಳಗಿರೋದನ್ನ ತೆಗೆಯೋಕೆ ಎಷ್ಟು ಬೇಕೋ ಅಷ್ಟು ಮಟ್ಟಿಗೆ ಮೇಲಿನ ನೆಲ ಬಳಸೋ ಹಕ್ಕು ಅವ್ರಿಗಿದೆ, ನೀವು ಬೇಡ ಅಂದ್ರೂ.

ಹಾಗಾಗಿ ನಿಮ್ಮ ಡೀಡ್ ತೆಗೆದು ರಿಸರ್ವೇಶನ್, ಎಕ್ಸೆಪ್ಶನ್ ಅನ್ನೋ ಪದ ಎಲ್ಲೆಲ್ಲಿದೆ ಹುಡುಕಿ. ಟೈಟಲ್ ಇನ್ಶೂರೆನ್ಸ್ ಇದೆಯಲ್ಲ ಅಂತ ಧೈರ್ಯ ಬೇಡ, ಸಾಮಾನ್ಯವಾಗಿ ಅದ್ರಲ್ಲಿ ಮಿನರಲ್‌ನ ಹೊರಗಿಟ್ಟಿರ್ತಾರೆ. ಆಮೇಲೆ ಆ ಕೌಂಟಿಯ ಕ್ಲರ್ಕ್ ಆಫೀಸಿನ ರೆಕಾರ್ಡು, ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಇಸಿ ತೆಗೆಸ್ತೀವಲ್ಲ ಅದೇ ಥರ, ಹಿಂದಿನ ಡೀಡು, ಹಳೇ ಲೀಸು ಎಲ್ಲ ಅಲ್ಲಿ ಸಿಗುತ್ತೆ. ಹಳೇ ಲೀಸ್ ಇನ್ನೂ ಜೀವಂತ ಇದೆಯಾ ಅಂತಾನೂ ಅಲ್ಲೇ ನೋಡಬೇಕು.

ಇದೆಲ್ಲ ಆದ್ಮೇಲೆ ಒಂದು ಲೆಕ್ಕ ಬರ್ಕೊಳ್ಳಿ, ನೆಟ್ ಮಿನರಲ್ ಎಕರೆ. 50 ಎಕರೆಲಿ ಅರ್ಧ ಮಿನರಲ್ ಅಂದ್ರೆ 25 ನೆಟ್ ಎಕರೆ. ಬೋನಸ್ ಕೊಡೋದು ಇದರ ಮೇಲೆ, 50ರ ಮೇಲಲ್ಲ.

ಅಚ್ಚಾದ ಫಾರ್ಮ್ ನೋಡಿ ಹೆದರಬೇಡಿ

ಬಹಳಷ್ಟು ಲೀಸ್‌ಗಳ ಮೇಲೆ ಪ್ರೊಡ್ಯೂಸರ್ಸ್ 88 ಅಂತ ಬರೆದಿರುತ್ತೆ. ನಾನಿದನ್ನ ಸರ್ಕಾರದ ಫಾರ್ಮ್ ಅನ್ಕೊಂಡು, ಇದ್ರಲ್ಲಿ ಏನೂ ಬದಲಾಯಿಸೋಕೆ ಬರಲ್ಲ ಅಂತ ಸುಮ್ನಾಗಿದ್ದೆ. ತಪ್ಪು. ಅದೇ ಹೆಸರಲ್ಲಿ ನೂರಾರು ಬೇರೆಬೇರೆ ಫಾರ್ಮ್ ಓಡಾಡ್ತಿವೆ, ಒಂದಕ್ಕೊಂದು ಸಂಬಂಧ ಇಲ್ಲ, ಕಂಪನಿ ತನಗೆ ಬೇಕಾದ ಹಾಗೆ ಬರೆಸ್ಕೊಂಡಿದ್ದು. ಪ್ರತಿ ಸಾಲೂ ಚೌಕಾಸಿಗೆ ಸಿಗೋದೇ. ಫಾರ್ಮ್ ಒಳಗೆ ಗೀಚೋ ಬದಲು ಕೊನೇಲಿ ಅಡೆಂಡಮ್ ಅಂತ ಒಂದೆರಡು ಪುಟ ಸೇರಿಸ್ತಾರೆ, ಅದ್ರ ಮೊದಲನೇ ಸಾಲಲ್ಲೇ ಮೇಲಿನ ಫಾರ್ಮ್‌ಗೂ ಈ ಅಡೆಂಡಮ್‌ಗೂ ತಿಕ್ಕಾಟ ಬಂದ್ರೆ ಅಡೆಂಡಮ್‌ದೇ ಮಾತು ಅಂತ ಬರೆಸಬೇಕು. ಈ ಸಾಲು ಇಲ್ದಿದ್ರೆ ಮುಂದಿನದೆಲ್ಲ ಬರೆಸಿಯೂ ಜಗಳಕ್ಕೆ ದಾರಿ.

ಲೀಸ್ ಅನ್ನೋ ಹೆಸರು ನೋಡಿ ಮನೆ ಬಾಡಿಗೆ ಥರ ಅಂತಾನೂ ತಿಳ್ಕೋಬೇಡಿ. ಟೆಕ್ಸಸ್ ಕಾನೂನಲ್ಲಿ ಇದು ಮಿನರಲ್ ಆಸ್ತಿಯನ್ನೇ ಅವ್ರಿಗೆ ದಾಟಿಸೋ ಪತ್ರ, ಲೀಸ್ ಮುಗಿದಾಗ ಮಾತ್ರ ನಿಮಗೆ ವಾಪಸ್ ಬರುತ್ತೆ. ಅದಕ್ಕೇ ಯಾವಾಗ ಮುಗಿಯುತ್ತೆ ಅನ್ನೋ ಪ್ಯಾರಾ ಅಷ್ಟು ಮುಖ್ಯ.

ಎಷ್ಟು ದಿನದ ಲೀಸು

ಇದಕ್ಕೆ ಹೆಬೆಂಡಮ್ ಕ್ಲಾಸ್ ಅಂತಾರೆ. ಎರಡು ಭಾಗ ಇರುತ್ತೆ. ಪ್ರೈಮರಿ ಟರ್ಮ್, ಸಾಮಾನ್ಯವಾಗಿ 3 ವರ್ಷ, ಇದು ಕಂಪನಿಗೆ ಯೋಚನೆ ಮಾಡೋಕೆ, ಬಾವಿ ಕೊರೆಯೋಕೆ ಸಿಗೋ ಟೈಮು. ಅದರ ಮುಂದೆ ಒಂದು ಪುಟ್ಟ ವಾಕ್ಯ, "ಆಮೇಲೆ ಆಯಿಲ್ ಅಥವಾ ಗ್ಯಾಸ್ ಉತ್ಪಾದನೆ ಆಗ್ತಿರೋ ತನಕ". ಆ ತನಕ ಅನ್ನೋದು ಐದು ವರ್ಷ ಆಗಬಹುದು, ಐವತ್ತು ವರ್ಷಾನೂ ಆಗಬಹುದು.

ಉತ್ಪಾದನೆ ಅಂದ್ರೆ ಎಷ್ಟು? ಟೆಕ್ಸಸ್ ಸುಪ್ರೀಂ ಕೋರ್ಟ್ 1942ರಲ್ಲಿ ಗಾರ್ಸಿಯಾ ವರ್ಸಸ್ ಕಿಂಗ್ ಕೇಸಲ್ಲಿ ಹೇಳಿದ್ದು, ಬರೀ ಜಿನುಗಿದ್ರೆ ಸಾಲದು, ಲಾಭ ಬರೋ ಪ್ರಮಾಣದಲ್ಲಿ ಬರಬೇಕು. ಆಮೇಲೆ 1959ರ ಕ್ಲಿಫ್ಟನ್ ವರ್ಸಸ್ ಕೂಂಟ್ಸ್ ಕೇಸಲ್ಲಿ ಇದನ್ನ ಸ್ವಲ್ಪ ಸಡಿಲ ಮಾಡಿದ್ರು, ಒಂದಷ್ಟು ಸಮಯ ನಷ್ಟದಲ್ಲಿದ್ರೂ ಬುದ್ಧಿವಂತ ಆಪರೇಟರ್ ಒಬ್ಬ ಲಾಭದ ಆಸೆಯಿಂದ ಆ ಬಾವಿ ನಡೆಸ್ತಿದ್ದನಾ ಅಂತ ನೋಡ್ತಾರೆ. ಅಂದ್ರೆ ಸೋರ್ತಾ ಇರೋ ಹಳೇ ಬಾವಿ ಕೂಡ ನಿಮ್ಮ ಲೀಸ್‌ನ ಹಿಡಿದಿಟ್ಕೋಬಹುದು.

ಇದ್ರ ಜೊತೆ ಲೀಸ್ ಬದುಕಿಸೋ ಇನ್ನೂ ಕೆಲವು ಪ್ಯಾರಾ ಇರ್ತವೆ, ಪೆನ್ಸಿಲ್ ತಗೊಂಡು ಗುರುತು ಹಾಕಿ. ಎಕ್ಸ್‌ಟೆನ್ಶನ್ ಆಪ್ಶನ್, ಮೂರು ವರ್ಷ ಮುಗಿದ್ಮೇಲೆ ಇನ್ನೆರಡು ವರ್ಷ ತಗೊಳ್ಳೋ ಹಕ್ಕು. ಈ ಹಕ್ಕು ಕೊಡೋದಾದ್ರೆ ಅದಕ್ಕೆ ಬರೋ ದುಡ್ಡು ಮೊದಲ ಬೋನಸ್‌ಗಿಂತ ಕಮ್ಮಿ ಇರಬಾರದು. ಶಟ್ ಇನ್ ರಾಯಲ್ಟಿ, ಬಾವಿ ರೆಡಿ ಇದೆ ಆದ್ರೆ ಪೈಪ್‌ಲೈನ್ ಇಲ್ಲ, ರೇಟ್ ಇಲ್ಲ ಅಂತ ಮುಚ್ಚಿಟ್ಟು ಎಕರೆಗೆ ಒಂದು ಡಾಲರ್ ಥರ ಏನೋ ಕೊಟ್ಟು ವರ್ಷಗಟ್ಲೆ ಹಿಡ್ಕೊಳ್ಳೋದು. ಇದಕ್ಕೆ ಒಟ್ಟು ಎರಡು ವರ್ಷ ಅಂತ ಗೆರೆ ಹಾಕಿಸಿ, ದುಡ್ಡೂ ಜಾಸ್ತಿ ಕೇಳಿ. ಆಪರೇಶನ್ಸ್ ಕ್ಲಾಸ್, ಉತ್ಪಾದನೆ ನಿಂತ್ರೆ 60 ಇಲ್ಲಾ 90 ದಿನದೊಳಗೆ ಮತ್ತೆ ಕೆಲಸ ಶುರು ಮಾಡಿದ್ರೆ ಲೀಸ್ ಉಳಿಯುತ್ತೆ. ಇಲ್ಲಿ ಆಪರೇಶನ್ಸ್ ಅಂದ್ರೆ ರಿಗ್ ಬಂದು ಕೊರೆಯೋಕೆ ಶುರು ಮಾಡಿರ್ಬೇಕು ಅಂತ ಬರೆಸದೇ ಇದ್ರೆ ರಸ್ತೆಗೆ ಜಲ್ಲಿ ಸುರಿದಿದ್ದನ್ನೂ ಆಪರೇಶನ್ಸ್ ಅಂತ ವಾದ ಮಾಡ್ತಾರೆ.

ರಾಯಲ್ಟಿ: ಬೋನಸ್‌ಗಿಂತ ನಾಲ್ಕು ಪಟ್ಟು ಟೈಮ್ ಇಲ್ಲಿ ಕೊಡಿ

ಬೋನಸ್ ಒಂದೇ ಸಲ ಬರೋ ದುಡ್ಡು. ಬಾವಿ ಸಿಕ್ಕಿದ್ರೆ ನಿಮ್ಮ ನಿಜವಾದ ಪಾಲು ರಾಯಲ್ಟಿ, ಅಂದ್ರೆ ಬಂದ ಆಯಿಲ್ ಗ್ಯಾಸ್ ಬೆಲೆಯಲ್ಲಿ ನಿಮ್ಮ ಭಾಗ. ಹಿಂದೆಲ್ಲ 1/8 ಅಂತ ಇತ್ತು, ಶೇ. 12.5. ಪೆನ್ಸಿಲ್ವೇನಿಯಾದಲ್ಲಿ ಅದಕ್ಕಿಂತ ಕಮ್ಮಿ ಕೊಡಬಾರದು ಅಂತ ಕಾನೂನೇ ಇದೆ. ಈಗ ಟೆಕ್ಸಸ್‌ನ ಒಳ್ಳೇ ಜಾಗಗಳಲ್ಲಿ 3/16, 1/5, 1/4 ತನಕ ಕೊಡ್ತಾರೆ, ಆದ್ರೂ ಅಚ್ಚಾದ ಫಾರ್ಮಲ್ಲಿ 1/8 ಅಂತಾನೇ ಇರಬಹುದು, ನೋಡಿ.

ಲೆಕ್ಕ ಹೀಗೆ. ನಿಮ್ಮ 25 ನೆಟ್ ಎಕರೆ ಪೂರ್ತಿ 1,000 ಎಕರೆ ಯೂನಿಟ್ (ಬಾವಿಗೋಸ್ಕರ ಹಲವರ ಜಮೀನು ಸೇರಿಸಿ ಮಾಡೋ ಗುಂಪು) ಒಳಗೆ ಹೋಯ್ತು ಅನ್ಕೊಳ್ಳಿ, ರಾಯಲ್ಟಿ 1/4. 25ನ್ನ 1,000ದಿಂದ ಭಾಗಿಸಿ 0.25ರಿಂದ ಗುಣಿಸಿ, 0.00625. ತಿಂಗಳಿಗೆ 10,000 ಬ್ಯಾರೆಲ್, 70 ಡಾಲರ್ ರೇಟು ಅಂದ್ರೆ 7,00,000 ಡಾಲರ್, ನಿಮ್ಮ ಪಾಲು 4,375. ಅದೇ 1/8 ಆಗಿದ್ರೆ 2,187. ಶೇಲ್ ಅನ್ನೋ ಬಂಡೆ ಪದರದಿಂದ ತೆಗೆಯೋ ಬಾವಿಗಳು ಮೊದಲನೇ ವರ್ಷದಲ್ಲೇ ಜೋರಾಗಿ ಇಳೀತವೆ, ಹಾಗಾಗಿ ಮೊದಲ ತಿಂಗಳ ಚೆಕ್ ನೋಡಿ ಹತ್ತು ವರ್ಷದ ಪ್ಲಾನ್ ಮಾಡೋಕೆ ಹೋಗ್ಬೇಡಿ.

ಈಗ ಅಸಲು ವಿಷಯ. 1/4 ಅಂತ ಬರೆಸಿದ್ದೀನಿ ಅಂತ ಸಮಾಧಾನ ಪಟ್ಕೊಂಡವ್ರೂ ಪೆಟ್ಟು ತಿಂದಿದ್ದಾರೆ, ಯಾಕಂದ್ರೆ ಯಾವುದರ 1/4 ಅನ್ನೋದು ಇನ್ನೊಂದು ಸಾಲಲ್ಲಿದೆ. ಅಡಿಕೆ ಬೆಳೆಯೋರಿಗೆ ಇದು ಬೇಗ ಅರ್ಥ ಆಗುತ್ತೆ. ತೋಟದಲ್ಲೇ ಕೊಟ್ರೆ ಒಂದು ರೇಟು, ಸುಲಿದು, ಒಣಗಿಸಿ, ಗಾಡಿ ಬಾಡಿಗೆ, ಹಮಾಲಿ ಎಲ್ಲ ಕೊಟ್ಟು ಮಂಡಿಗೆ ಹಾಕಿದ್ರೆ ಇನ್ನೊಂದು ರೇಟು. ಲೀಸಲ್ಲಿ ಮಾರ್ಕೆಟ್ ವ್ಯಾಲ್ಯೂ ಅಟ್ ದ ವೆಲ್ ಅಂತಿದ್ರೆ ಅದು ತೋಟದ ರೇಟು. ಗ್ಯಾಸ್ ಬಾವಿಯಿಂದ ಬಂದ್ಮೇಲೆ ಒಟ್ಟುಗೂಡಿಸೋದು, ನೀರು ತೆಗೆಯೋದು, ಕಂಪ್ರೆಸ್ ಮಾಡೋದು, ಕ್ಲೀನ್ ಮಾಡೋದು, ಪೈಪ್‌ಲೈನ್ ಬಾಡಿಗೆ, ಮಾರಾಟದ ಖರ್ಚು, ಇದನ್ನೆಲ್ಲ ಮಂಡಿ ರೇಟಿಂದ ಕಳೆದು ಉಳಿದಿದ್ದರಲ್ಲಿ ನಿಮಗೆ ಪಾಲು.

ಸರಿ, ಖರ್ಚು ಕಳೀಬಾರದು ಅಂತ ಒಂದು ಸಾಲು ಸೇರಿಸಿದ್ರೆ ಆಯ್ತಲ್ಲ ಅನ್ಸುತ್ತೆ. ಆಗಲ್ಲ. 1996ರಲ್ಲಿ ಹೆರಿಟೇಜ್ ರಿಸೋರ್ಸಸ್ ವರ್ಸಸ್ ನೇಶನ್ಸ್‌ಬ್ಯಾಂಕ್ ಕೇಸಲ್ಲಿ ಲೀಸಲ್ಲಿ ಆ ಸಾಲು ಇತ್ತು, ಆದ್ರೂ ಟೆಕ್ಸಸ್ ಸುಪ್ರೀಂ ಕೋರ್ಟ್ ಕಂಪನಿ ಪರ ತೀರ್ಪು ಕೊಡ್ತು. ಕೋರ್ಟಿನ ಮಾತು ಏನಂದ್ರೆ ಪಾಲು ಇರೋದೇ ಬಾವಿ ಹತ್ರದ ಬೆಲೆಗೆ, ಬಾವಿ ಹತ್ರದ ಬೆಲೆ ಅಂದ್ರೇನೇ ಖರ್ಚು ಕಳೆದ ಬೆಲೆ, ಹಾಗಾಗಿ ಅದ್ರಿಂದ ಮತ್ತೆ ಕಳೀಬೇಡಿ ಅನ್ನೋ ಸಾಲಿಗೆ ಕೆಲಸಾನೇ ಇಲ್ಲ. ಇದನ್ನ ಓದಿದ ದಿನ ನಂಗೆ ರಾತ್ರಿ ನಿದ್ದೆ ಬರಲಿಲ್ಲ, ಯಾಕಂದ್ರೆ ನಮ್ಮ ಲೀಸಲ್ಲಿ ಆ ಸಾಲೂ ಇರಲಿಲ್ಲ.

ಅಂದ್ರೆ ಬದಲಾಯಿಸಬೇಕಾಗಿರೋದು ಬೆಲೆ ಅಳೆಯೋ ಜಾಗಾನೇ. ಅಟ್ ದ ವೆಲ್ ಅನ್ನೋದನ್ನ ತೆಗೆಸಿ, ಸಂಬಂಧ ಇಲ್ಲದ ಮೂರನೇ ಪಾರ್ಟಿಗೆ ಮಾರಿದ ಜಾಗದಲ್ಲಿ ಬಂದ ಗ್ರಾಸ್ ಪ್ರೊಸೀಡ್ಸ್ (ಏನೂ ಕಳೆಯದ ಪೂರ್ತಿ ದುಡ್ಡು) ಮೇಲೆ ರಾಯಲ್ಟಿ, ಅದೂ ಯಾವ ಖರ್ಚೂ ಇಲ್ದೆ, ಅಂತ ಬರೆಸಿ. ಮೂರನೇ ಪಾರ್ಟಿ ಅನ್ನೋ ಪದ ಯಾಕೆ ಅಂದ್ರೆ ಕಂಪನಿ ತನ್ನದೇ ಇನ್ನೊಂದು ಕಂಪನಿಗೆ ಕಮ್ಮಿಗೆ ಮಾರಿ ಅದರ ಮೇಲೆ ನಿಮಗೆ ಪಾಲು ಕೊಡಬಾರದಲ್ಲ. 2016ರ ಚೆಸಪೀಕ್ ವರ್ಸಸ್ ಹೈಡರ್ ಕೇಸಲ್ಲಿ ಕಾಸ್ಟ್ ಫ್ರೀ ಅನ್ನೋ ಪದ ಓನರ್‌ಗಳನ್ನ ಗೆಲ್ಲಿಸ್ತು, 2023ರಲ್ಲಿ ಡೆವನ್ ವರ್ಸಸ್ ಶೆಪರ್ಡ್ ಕೇಸಲ್ಲಿ ಕೊಂಡವ್ರು ರೇಟಲ್ಲಿ ಮುರ್ಕೊಂಡ ಖರ್ಚನ್ನೂ ವಾಪಸ್ ಕೂಡಿಸಿ ಪಾಲು ಕೊಡಬೇಕಾಯ್ತು, ಯಾಕಂದ್ರೆ ಆ ಲೀಸ್ ಬರೆದವ್ರು ಅಷ್ಟು ಬಿಡಿಸಿ ಬರೆದಿದ್ರು. ಕೆಲವು ಲಾಯರ್‌ಗಳು ಹೆರಿಟೇಜ್ ತೀರ್ಪು ಈ ಲೀಸಿಗೆ ಅನ್ವಯ ಆಗಲ್ಲ ಅಂತ ಒಂದು ಸಾಲು ಹಾಕ್ತಾರೆ, ಇರ್ಲಿ, ಆದ್ರೆ ಅದೊಂದನ್ನೇ ನಂಬ್ಕೋಬೇಡಿ, ಬೆಲೆಯ ವಾಕ್ಯ ಸರಿ ಇಲ್ದಿದ್ರೆ ಅದು ಉಳಿಸಲ್ಲ. ಟ್ಯಾಕ್ಸ್ ಮಾತ್ರ ನಿಮ್ಮ ಪಾಲಿಗೆ ಬಂದೇ ಬರುತ್ತೆ, ಟೆಕ್ಸಸ್‌ನಲ್ಲಿ ಆಯಿಲ್ ಮೇಲೆ ಶೇ. 4.6, ಗ್ಯಾಸ್ ಮೇಲೆ ಶೇ. 7.5.

ಪೂಲಿಂಗ್, ಮತ್ತೆ ನನ್ನ 42 ಎಕರೆ

ಈಗಿನ ಬಾವಿಗಳು ಒಂದೆರಡು ಮೈಲಿ ಕೆಳಗಿಳಿದು ಆಮೇಲೆ ಅಡ್ಡಡ್ಡ ಮೈಲಿಗಟ್ಲೆ ಹೋಗ್ತವೆ, ಒಬ್ಬರ ಜಮೀನು ಸಾಲಲ್ಲ, ಹಾಗಾಗಿ ಅಕ್ಕಪಕ್ಕದವ್ರದೆಲ್ಲ ಸೇರಿಸಿ ಯೂನಿಟ್ ಮಾಡ್ತಾರೆ. ಇದು ಪೂಲಿಂಗ್. ಇದು ಬೇಡ ಅನ್ನೋಕಾಗಲ್ಲ, ಸಣ್ಣ ಜಮೀನಿನವ್ರಿಗೆ ಪೂಲಿಂಗ್ ಇಲ್ದೆ ಬಾವಿನೇ ಬರಲ್ಲ. ಆದ್ರೆ ಅದರ ಪರಿಣಾಮ ಏನಂದ್ರೆ ಯೂನಿಟ್‌ನಲ್ಲಿ ಎಲ್ಲೇ ಬಾವಿ ಇರಲಿ, ನಿಮ್ಮ ಜಮೀನಲ್ಲೇ ಇದೆ ಅನ್ನೋ ಲೆಕ್ಕ, ನಿಮ್ಮ ಪೂರ್ತಿ ಲೀಸ್ ಜೀವಂತ.

ನಂಗಾಗಿದ್ದು ಇದೇ. 640 ಎಕರೆ ಯೂನಿಟ್ ಮಾಡಿದ್ರು, ನಮ್ಮ 50 ಎಕರೆಲಿ ಮೂಲೆಯ 8 ಎಕರೆ ಮಾತ್ರ ಅದ್ರೊಳಗೆ ತಗೊಂಡ್ರು. ಪಾಲು ಬರೋದು 8 ಎಕರೆಗೆ, ಅಂದ್ರೆ ನಮ್ಮ ಅರ್ಧದ ಲೆಕ್ಕದಲ್ಲಿ 4 ನೆಟ್ ಎಕರೆಗೆ. ಮೂರು ವರ್ಷ ಮುಗೀತು, ಉಳಿದ 42 ಎಕರೆಗೆ ಇನ್ನೊಂದು ಕಂಪನಿ ಒಳ್ಳೇ ಆಫರ್ ತಂದ್ರು, ಆಗ ಗೊತ್ತಾಯ್ತು ಆ ಮೂಲೆಯ ಬಾವಿ 42 ಎಕರೆನೂ ಹಿಡ್ಕೊಂಡಿದೆ ಅಂತ. ನಾನು ಅದನ್ನ ಬೇರೆಯವ್ರಿಗೆ ಕೊಡೋಹಾಗಿಲ್ಲ, ಅದಕ್ಕೆ ಒಂದು ಡಾಲರ್ ಪಾಲೂ ಇಲ್ಲ. ಆ ಬಾವಿ ನಡೆಯೋ ತನಕ ಹಿಂಗೇ.

ಇದನ್ನ ತಡೆಯೋಕೆ ಇರೋದು ಪ್ಯೂ ಕ್ಲಾಸ್. ಲೂಸಿಯಾನದ ಲಾರೆನ್ಸ್ ಪ್ಯೂ ಅನ್ನೋ ಲಾಯರ್ 1947ರಲ್ಲಿ ಮೊದಲು ಬರೆದಿದ್ದು, ಅವ್ರ ಹೆಸರೇ ಉಳ್ಕೊಂಡಿದೆ. ಪ್ರೈಮರಿ ಟರ್ಮ್ ಮುಗಿದಾಗ ಯೂನಿಟ್ ಒಳಗೆ ಇಲ್ಲದ ಜಮೀನು ಲೀಸಿಂದ ಬಿಡುಗಡೆ, ಇಷ್ಟೇ ಅದರ ತಿರುಳು. ಮೂರು ನಾಲ್ಕು ಸಾಲು. ಆ ಸಾಲು ಕೇಳಿದ್ರೆ ಲ್ಯಾಂಡ್‌ಮನ್ ಬಹುಶಃ ಕೊಡ್ತಿದ್ರು, ನಾನು ಕೇಳಲಿಲ್ಲ. ಜಮೀನು ಸಣ್ಣದಿದ್ರೆ ಇನ್ನೊಂದು ದಾರಿನೂ ಇದೆ, ಪೂಲ್ ಮಾಡಿದ್ರೆ ಪೂರ್ತಿ ಜಮೀನನ್ನೇ ತಗೋಬೇಕು, ಇಲ್ಲಾಂದ್ರೆ ಬೇಡ ಅಂತ ಬರೆಸೋದು.

ಅಗಲದ ಜೊತೆ ಆಳಾನೂ ನೋಡಿ. ಪಶ್ಚಿಮ ಟೆಕ್ಸಸ್‌ನ ಪರ್ಮಿಯನ್ ಅನ್ನೋ ಆಯಿಲ್ ಪ್ರದೇಶದಲ್ಲಿ ಸ್ಪ್ರಾಬೆರಿ, ವೂಲ್ಫ್‌ಕ್ಯಾಂಪ್ ಅಂತ ಒಂದರ ಕೆಳಗೊಂದು ಪದರ ಇವೆ. ಮೇಲಿನ ಪದರದ ಒಂದು ಬಾವಿ ಕೆಳಗಿನದೆಲ್ಲ ಹಿಡ್ಕೊಂಡು ಕೂರಬಾರದು ಅಂತಿದ್ರೆ ಬಾವಿ ತಲುಪಿದ ಪದರದ ಕೆಳಗೆ 100 ಅಡಿ ಆಚೆಗಿನದು ಬಿಡುಗಡೆ ಅನ್ನೋ ಥರ ಡೆಪ್ತ್ ಸೆವರೆನ್ಸ್ ಸಾಲು ಸೇರಿಸಬೇಕು. ಹಳೇ ಫಾರ್ಮಲ್ಲಿ ಮದರ್ ಹಬ್ಬರ್ಡ್ ಅಂತಲೂ ಒಂದು ಪ್ಯಾರಾ ಬರುತ್ತೆ, ಪಕ್ಕದಲ್ಲಿ ನಿಮಗೆ ಸೇರಿದ ತುಂಡು ಜಮೀನನ್ನೂ ಒಳಗೆ ಎಳ್ಕೊಳ್ಳೋದು. ಸರ್ವೆಲಿ ಬಿಟ್ಟುಹೋದ ಚೂರುಪಾರಿಗೆ ಮಾತ್ರ ಅಂತ ಮಿತಿ ಹಾಕಿ.

ಮೇಲಿನ ನೆಲಾನೂ ನಿಮ್ದಾಗಿದ್ರೆ

ಮನೆ ಕಟ್ಟೋ ಆಸೆ ಇದ್ರೆ ನೋ ಸರ್ಫೇಸ್ ಯೂಸ್ ಅಂತ ಬರೆಸಿ, ಪಕ್ಕದ ಜಾಗದಿಂದ ಅಡ್ಡ ಕೊರೆದು ತಗೊಂಡು ಹೋಗ್ತಾರೆ. ಅದು ಆಗಲ್ಲ ಅಂದ್ರೆ ಮನೆ, ಕೊಟ್ಟಿಗೆ, ಕುಡಿಯೋ ನೀರಿನ ಬಾವಿಯಿಂದ ಎಷ್ಟು ಅಡಿ ದೂರ, ಗೇಟು ಯಾವುದು, ರಸ್ತೆ ಎಲ್ಲಿ, ನಿಮ್ಮ ನೀರು ಬಳಸೋ ಹಾಗಿಲ್ಲ, ಕೆಟ್ಟ ನೀರು ಇಲ್ಲಿ ಇಂಜೆಕ್ಟ್ ಮಾಡೋ ಹಾಗಿಲ್ಲ, ಕೆಲಸ ಮುಗಿದ್ಮೇಲೆ ನೆಲ ಮೊದಲಿನ ಹಾಗೆ ಮಾಡಿಕೊಡಬೇಕು. ಬಾಯಿಮಾತಲ್ಲಿ ಲ್ಯಾಂಡ್‌ಮನ್ ಎಲ್ಲಕ್ಕೂ ಹೂಂ ಅಂತಾರೆ, ನಾಳೆ ಲೀಸ್ ಬೇರೆ ಕಂಪನಿಗೆ ಮಾರಾಟ ಆಗುತ್ತೆ, ಅವ್ರಿಗೆ ಆ ಮಾತು ಗೊತ್ತಿರಲ್ಲ.

ಸೈನ್ ಹಾಕೋ ದಿನ

ವಾರಂಟಿ ಪ್ಯಾರಾ ಹೊಡೆಸಿ, ಟೈಟಲ್‌ಗೆ ನೀವು ಗ್ಯಾರಂಟಿ ಕೊಡೋದು ಬೇಡ, ಅವ್ರೇ ರೆಕಾರ್ಡ್ ನೋಡ್ಕೊಳ್ಳಲಿ, ನಾಳೆ ಪಾಲು ಕಮ್ಮಿ ಅಂತ ಗೊತ್ತಾದ್ರೂ ಕೊಟ್ಟ ಬೋನಸ್ ವಾಪಸ್ ಕೇಳಬಾರದು.

ದುಡ್ಡು ಹೇಗೆ ಕೊಡ್ತಾರೆ ಅನ್ನೋದು ಇನ್ನೂ ಮುಖ್ಯ. ಬಹಳ ಸಲ ಚೆಕ್ ಅಲ್ಲ, ಡ್ರಾಫ್ಟ್ ಕೊಡ್ತಾರೆ, 30 ಬ್ಯಾಂಕಿಂಗ್ ದಿನದೊಳಗೆ ಟೈಟಲ್ ಒಪ್ಪಿಗೆ ಆದ್ರೆ ಮಾತ್ರ ಅಂತ ಬರೆದಿರುತ್ತೆ. ನಮ್ಮೂರಿನ ಡಿಡಿ ಥರ ಗಟ್ಟಿ ಅಲ್ಲ ಅದು, ಕಂಪನಿ ಬೇಡ ಅಂದ್ರೆ ವಾಪಸ್ ಹೋಗುತ್ತೆ. 2008ರಲ್ಲಿ ಫೋರ್ಟ್ ವರ್ತ್ ಸುತ್ತ ಬಾರ್ನೆಟ್ ಶೇಲ್ ಅನ್ನೋ ಗ್ಯಾಸ್ ಪದರಕ್ಕೆ ಬೇಡಿಕೆ ಜೋರಿದ್ದಾಗ ಸಿಟಿ ಒಳಗಿನ ಮನೆಗಳಿಗೂ ಎಕರೆಗೆ 20,000 ಡಾಲರ್ ಮೀರಿ ಬೋನಸ್ ಮಾತಾಡಿದ್ರು, ಅದೇ ವರ್ಷದ ಕೊನೆಗೆ ಗ್ಯಾಸ್ ರೇಟ್ ಬಿದ್ದಾಗ ಆಫರ್‌ಗಳನ್ನ ವಾಪಸ್ ತಗೊಂಡ್ರು, ಕೈಗೆ ದುಡ್ಡು ಬರುತ್ತೆ ಅಂತ ಕಾಯ್ತಿದ್ದ ಮನೆಗಳು ಹಾಗೇ ಉಳಿದ್ವು. ಸೈನ್ ಮಾಡಿದ ಒರಿಜಿನಲ್ ಲೀಸ್ ದುಡ್ಡು ಅಕೌಂಟಿಗೆ ಬರೋ ತನಕ ಲಾಯರ್ ಹತ್ರ ಇರಲಿ.

ಆಮೇಲಿನ ಕೆಲಸ

ಬಾವಿ ಬಂದ್ರೆ ಡಿವಿಶನ್ ಆರ್ಡರ್ ಅಂತ ಇನ್ನೊಂದು ಪೇಪರ್ ಬರುತ್ತೆ, ಅದ್ರಲ್ಲಿ ನಿಮ್ಮ ಪಾಲು ದಶಮಾಂಶದಲ್ಲಿ ಇರುತ್ತೆ, ಮೇಲೆ ಹೇಳಿದ ಲೆಕ್ಕ ನೀವೇ ಮಾಡಿ ಎಂಟು ಅಂಕಿ ತನಕ ಹೊಂದಿಸಿ ನೋಡಿ. ನನ್ನದು 3/16ರ ಲೆಕ್ಕದಲ್ಲಿ 4 ಭಾಗಿಸು 640, ಗುಣಿಸು 0.1875, ಅಂದ್ರೆ 0.00117188 ಇರಬೇಕು, ಹಂಗೇ ಇತ್ತು. ಲೀಸಲ್ಲಿ ಇಲ್ಲದ ಷರತ್ತನ್ನ ಅದ್ರಲ್ಲಿ ಸೇರಿಸಿದ್ರೆ ಸೈನ್ ಬೇಡ. ಟೆಕ್ಸಸ್ ಕಾನೂನು ಪ್ರಕಾರ ಮೊದಲ ಮಾರಾಟದ ತಿಂಗಳು ಮುಗಿದು 120 ದಿನದೊಳಗೆ ಮೊದಲ ಚೆಕ್ ಬರಬೇಕು, ಆಮೇಲೆ ಆಯಿಲ್‌ಗೆ 60 ದಿನ, ಗ್ಯಾಸ್‌ಗೆ 90. ಬಾವಿಯಿಂದ ಎಷ್ಟು ಬಂತು ಅಂತ ರೈಲ್‌ರೋಡ್ ಕಮಿಶನ್ ವೆಬ್‌ಸೈಟಲ್ಲಿ ಫ್ರೀಯಾಗಿ ಸಿಗುತ್ತೆ, ಹೆಸರಲ್ಲಿ ರೈಲು ಇದ್ರೂ ಟೆಕ್ಸಸ್‌ನ ಆಯಿಲ್ ಗ್ಯಾಸ್ ನೋಡ್ಕೊಳ್ಳೋದು ಅವ್ರೇ, ಚೆಕ್ ಜೊತೆ ಬರೋ ಚೀಟಿಯನ್ನ ಅದ್ರ ಪಕ್ಕ ಇಟ್ಟು ನೋಡಿ. ಟ್ಯಾಕ್ಸ್ ಫೈಲ್ ಮಾಡೋವಾಗ ಬೋನಸ್ ಮಾಮೂಲಿ ಆದಾಯ, ರಾಯಲ್ಟಿ ಮೇಲೆ ಶೇ. 15 ಡಿಪ್ಲೀಶನ್ (ನೆಲದಡಿಯ ಸರಕು ಖಾಲಿಯಾಗ್ತಾ ಹೋಗೋದಕ್ಕೆ ಕೊಡೋ ಕಡಿತ) ಕಳೆಯೋಕೆ ಅವಕಾಶ ಇದೆ, ಸಿಪಿಎಗೆ ನೆನಪು ಮಾಡಿ.

ಕೊನೇದಾಗಿ, ಪ್ರೈಮರಿ ಟರ್ಮ್ ಮುಗಿಯೋ ತಾರೀಖನ್ನ ಫೋನ್ ಕ್ಯಾಲೆಂಡರಲ್ಲಿ ಹಾಕ್ಕೊಳ್ಳಿ. ದೊಡ್ಡ ಕಂಪನಿಗಳೇ ಇದ್ರಲ್ಲಿ ಎಡವಿವೆ, 2023ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟಿಗೆ ಬಂದ ಪಾಯಿಂಟ್ ಎನರ್ಜಿ ವರ್ಸಸ್ ಎಂಆರ್‌ಸಿ ಪರ್ಮಿಯನ್ ಕೇಸಲ್ಲಿ ಕಂಪನಿ ತಾರೀಖನ್ನೇ ತಪ್ಪಾಗಿ ಬರ್ಕೊಂಡು ಬಾವಿ ಕೊರೆಯೋ ಡೇಟ್ ಗಡುವಿನ ಆಚೆ ಇಟ್ಟಿತ್ತು, ಬೇರೆ ಕಡೆ ರಿಗ್ ತಡ ಆಯ್ತು ಅಂತ ಫೋರ್ಸ್ ಮಜೂರ್, ಅಂದ್ರೆ ಕೈಮೀರಿದ ಕಾರಣಕ್ಕೆ ಸಿಗೋ ವಿನಾಯ್ತಿ, ಕೇಳಿದ್ರೂ ಕೋರ್ಟ್ ಒಪ್ಪಲಿಲ್ಲ. ಆ ದಿನ ದಾಟಿ ಬಾವಿ ಬರದೇ ಇದ್ರೆ ಕಂಪನಿಗೆ ಲೆಟರ್ ಬರೆದು ರಿಲೀಸ್ ಪತ್ರ ಕೇಳಿ, ಅದನ್ನ ಕೌಂಟಿ ಕ್ಲರ್ಕ್ ಆಫೀಸಲ್ಲಿ ರೆಕಾರ್ಡ್ ಮಾಡಿಸಿ, ರೆಕಾರ್ಡ್ ನಂಬರ್ ಇರೋ ಕಾಪಿ ನಿಮ್ಮ ಡೀಡ್ ಜೊತೆ ಒಂದೇ ಫೈಲಲ್ಲಿ ಇಡಿ.